ಕಾಟಮ್ಮನ ಡ್ರಾಯರ್

ಹೊಸದುರ್ಗದಲ್ಲಿ ಅಂಜಲಿಯ ಹತ್ತಿರ ರವಿಕೆ ಹೊಲಿಸಿದವರು ಅವಳ ಬಗ್ಗೆ ಎರಡು ಮಾತು ಹೇಳುತ್ತಾರೆ. ಒಂದು, ಅಳತೆ ತಪ್ಪುವುದಿಲ್ಲ. ಇನ್ನೊಂದು, ಬಟ್ಟೆ ಉಳಿಸುತ್ತಾಳೆ ಮತ್ತು ಉಳಿದದ್ದನ್ನು ಮಡಿಚಿ ವಾಪಸ್ಸು ಕೊಡುತ್ತಾಳೆ. ಈ ಎರಡನೆಯ ಗುಣ ಟೈಲರ್‌ಗಳಲ್ಲಿ ಎಷ್ಟು ಅಪರೂಪ ಅನ್ನುವುದು ಬಟ್ಟೆ ಕೊಟ್ಟು ಕಳೆದುಕೊಂಡವರಿಗೆಲ್ಲ ಗೊತ್ತು. ಎಂಬತ್ತು ಸೆಂಟಿಮೀಟರ್ ಬಟ್ಟೆಯಲ್ಲಿ ಮೊಳಕೈವರೆಗಿನ ತೋಳು ತೆಗೆದು, ಮಿಕ್ಕ ಚೂರಿನಲ್ಲಿ ಒಂದು ಪರ್ಸು ಹೊಲಿದುಕೊಡುವ ಕೈ ಅವಳದು. ಖಾಲಿ ಜಾಗ ಕಂಡರೆ ಅವಳಿಗೆ ಸಮಾಧಾನವಿರುವುದಿಲ್ಲ. ಬಟ್ಟೆಯಲ್ಲಿರಲಿ, ಡಬ್ಬಿಯಲ್ಲಿರಲಿ, ಬಸ್ಸಿನ ಸೀಟಿನಲ್ಲಿರಲಿ, ಒಂದು ಗೇಣು ಸುಮ್ಮನೆ ಬಿದ್ದಿದ್ದರೆ ಅದರಲ್ಲಿ ಏನು ಹಿಡಿಸಬಹುದೆಂದು ನೋಡುತ್ತಾಳೆ.

ಊರಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿ ವರ್ಷವಾಗಿತ್ತು. ಗೋಡೆಗೆ ಬಣ್ಣವಾಗಿತ್ತು, ಹೊಸ್ತಿಲಿಗೆ ಅರಿಶಿನವಾಗಿತ್ತು, ಆದರೆ ಸಾಮಾನೆಲ್ಲ ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಅಂಜಲಿಯ ದಾರ, ಹುಕ್ಕು, ಲೈನಿಂಗ್ ಬಟ್ಟೆ ಒಂದು ಕಡೆ. ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುವ ಗಂಡ ಪರಮೇಶನ ಬೈಕಿನ ಕಾಗದ, ಚಾರ್ಜರು, ಕೆಟ್ಟ ಟಾರ್ಚುಗಳು ಇನ್ನೊಂದು ಕಡೆ. ಐದನೇ ಕ್ಲಾಸಿನ ಮಗಳು ರಮ್ಯಾಳ ಪುಸ್ತಕ ಎಲ್ಲೆಂದರಲ್ಲಿ. ಕೊನೆಗೆ ನಡುಮನೆಯ ಗೋಡೆಗೆ ಒಂದು ಕಪಾಟು ಮಾಡಿಸುವುದು, ಕೆಳಗೆ ಡ್ರಾಯರ್‌ಗಳು, ಮೇಲೆ ಅರೆಗಳು ಎಂದು ತೀರ್ಮಾನವಾಯಿತು.

ಬಡಗಿ ಓಬಳೇಶಪ್ಪ ಬಂದು ಗೋಡೆ ನೋಡಿದ. ಅರವತ್ತು ದಾಟಿದವನು, ಕಿವಿಯ ಸಂದಿನಲ್ಲಿ ಪೆನ್ಸಿಲ್ಲು. ಟೇಪು ಹಿಡಿಯುವ ಮೊದಲೇ ಲೆಕ್ಕ ಹೇಳಿಬಿಟ್ಟ.

"ದಪ್ಪಂದು ಎರಡು ಶೀಟು. ಡ್ರಾಕ್ಕೆ ಅರ್ಧ ಇಂಚಿಂದು ಎರಡು. ಹಿಂದ್ಕೆ ತೆಳ್ಳಂದು ಒಂದು. ಐದು ಶೀಟು ತರಿಸ್ರಿ."

"ಐದರಾಗೆ ಉಳಿಯಾದು ಎಲ್ಲಿಗೆ ಹೋಗ್ತೈತಣ್ಣ?" ಎಂದು ಅಂಜಲಿ ಕೇಳಿದಳು.

"ಉಳಿದಿದ್ದು ಉಳೀತೈತೆ."

ಈ ಉತ್ತರ ಅಂಜಲಿಗೆ ಚೆನ್ನಾಗಿ ಗೊತ್ತಿದ್ದದ್ದು. ಅವಳಿಗೆ ಹೊಲಿಗೆ ಕಲಿಸಿದ ಮುದುಕ ಟೈಲರು ಗಿರಾಕಿಗಳಿಗೆ ಹೀಗೇ ಹೇಳುತ್ತಿದ್ದ, ಅವನ ಮನೆಯ ದಿಂಬುಗಳೆಲ್ಲ ಊರವರ ಬಟ್ಟೆಯಲ್ಲೇ ಆಗಿದ್ದವು. ಅವಳು ಮುಖ ನೋಡದೆ ಹೇಳಿಯೇಬಿಟ್ಟಳು. "ನಾನೂ ಕತ್ತರಿ ಹಿಡಿಯೋಳೆ. ಕಟಿಂಗ್ ನಾನು ಹಾಕಿಕೊಡ್ತೀನಿ, ನೀವು ಗೆರೆ ಮ್ಯಾಲೆ ಕೊಯ್ರಿ ಸಾಕು. ನಾಲ್ಕೇ ಶೀಟು."

ಓಬಳೇಶಪ್ಪನಿಗೆ ಮಾತು ಚುಚ್ಚಿತು. ಆದರೆ ಬೈಯುವ ಮನುಷ್ಯನಲ್ಲ. ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡು, "ಆಯ್ತು ತಂಗಿ, ನೀನು ಹಾಕಿದ ಗೆರೆ ನಾನು ದಾಟಲ್ಲ" ಎಂದು ಎದ್ದು ಹೋದ.

ಮುಂದಿನ ಒಂದು ವಾರ ಅಂಜಲಿ ಕಪಾಟನ್ನು ರವಿಕೆ ಬಿಡಿಸಿದ ಹಾಗೆ ಬಿಡಿಸಿ ನೋಡಿದಳು. ಎಲ್ಲಿ ಮರ ಬೇಕು, ಎಲ್ಲಿ ಬೇಡ. ಡ್ರಾಯರ್‌ಗಳ ಹಿಂದೆ ಗೋಡೆಯೇ ಇದೆ, ಅಲ್ಲಿ ಹಿಂಬದಿ ಯಾಕೆ? ಅದನ್ನು ಕೈಬಿಟ್ಟಳು. ಮೇಲಿನ ಅರೆಗಳಿಗೆ ಬಾಗಿಲಿನ ಬದಲು ಪರದೆ, ಅದಕ್ಕೆ ಬಟ್ಟೆ ಮನೆಯಲ್ಲೇ ಇತ್ತು. ಡ್ರಾಯರ್ ಜಾರುವುದಕ್ಕೆ ಅಂಗಡಿಯ ಕಬ್ಬಿಣದ ಚಾನೆಲ್ ಬೇಡ, ಮರದ ಪಟ್ಟಿ ಹೊಡೆದು ಮೇಣದಬತ್ತಿ ಉಜ್ಜಿದರೆ ಆಯಿತು. ಡ್ರಾಯರ್‌ನ ತಳಕ್ಕೆ ತೆಳ್ಳನೆಯ ಶೀಟೇ ಸಾಕು. ಆಮೇಲೆ ಹಳೇ ಪೇಪರಿನಲ್ಲಿ ಒಂದೊಂದು ತುಂಡನ್ನೂ ಅಸಲಿ ಅಳತೆಗೆ ಕತ್ತರಿಸಿ, ನಡುಮನೆಯ ನೆಲದಲ್ಲಿ ಶೀಟಿನ ಗಾತ್ರಕ್ಕೆ ಸೀಮೆಸುಣ್ಣದ ಚೌಕ ಬರೆದು, ಅದರೊಳಗೆ ಪೇಪರುಗಳನ್ನು ಹಾಸಿದಳು. ಮನೆಯವರು ಮೂರು ದಿನ ಗೋಡೆಗೆ ಒರಗಿಕೊಂಡು ಓಡಾಡಿದರು.

ಓಬಳೇಶಪ್ಪ ಒಮ್ಮೆ ಬಂದು ನೋಡಿದವನು ಪೇಪರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಟ್ಟೆಗೆ ನೂಲಿನ ಓಟ ಇದ್ದಂತೆ ಮರಕ್ಕೂ ಎಳೆಯ ಓಟವಿರುತ್ತದೆಂದು ಹೇಳಿಕೊಡಲು ಬಾಯಿ ತೆರೆದರೆ, ಅವಳು ಅದನ್ನಾಗಲೇ ಬಾಣದ ಗುರುತು ಹಾಕಿ ತೋರಿಸಿದ್ದಳು. ಒಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ಕತ್ತರಿ ಬಟ್ಟೆ ತಿನ್ನಲ್ಲ ತಂಗಿ. ನನ್ನ ಮಿಷಿನ್ನು ಹೋದ ಕಡೆಯೆಲ್ಲಾ ಒಂದು ಗೆರೆಯಷ್ಟು ಮರ ತಿಂತೈತೆ. ತುಂಡು ತುಂಡಿಗೂ ನಡುವೆ ಅಷ್ಟು ಬಿಡು."

ಅಂಜಲಿ ಎಲ್ಲವನ್ನೂ ಮತ್ತೆ ಎತ್ತಿ ಹಾಸಿದಳು. ಅಷ್ಟು ಬಿಟ್ಟರೂ ನಾಲ್ಕೇ ಶೀಟಿನಲ್ಲಿ ಕೂತಿತು. ತಾನು ಕೊಟ್ಟ ಚಹಾವನ್ನು ಓಬಳೇಶಪ್ಪ ಪೂರ್ತಿ ಕುಡಿದು ಹೋದನೆಂಬುದನ್ನು ಅವಳು ಗಮನಿಸಿದಳು. ಹೊಗಳಿಕೆ ಅಂದರೆ ಅವನದು ಅಷ್ಟೇ.

ಡ್ರಾಯರ್ ಮೂರು. ಯಾರಿಗೆ ಎಷ್ಟು ಎತ್ತರ ಬೇಕೆಂದು ಅವಳು ಅವರವರ ಸಾಮಾನು ಅಳೆದು ನೋಡಿದ್ದಳು. ತನ್ನ ದೊಡ್ಡ ದಾರದ ಕೋನುಗಳು ನಿಲ್ಲಬೇಕು, ಅದಕ್ಕೆ ಎಂಟು ಇಂಚು. ಗಂಡನಿಗೂ ಮಗಳಿಗೂ ಕಮ್ಮಿ ಸಾಕಿತ್ತು, ಆದರೂ ನೋಡಲು ಒಂದೇ ತರ ಇರಲಿ ಎಂದು ಅವಕ್ಕೂ ಎಂಟು ಇಂಚು. ಅತ್ತೆ ಕಾಟಮ್ಮನ ಅಳತೆ ತೆಗೆಯುವುದು ಅವಳ ತಲೆಗೇ ಬರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮುದುಕಿ ನನಗೊಂದು ಬೇಕು ಎಂದು ಬಾಯಿ ತೆರೆದದ್ದನ್ನು ಅಂಜಲಿ ಕೇಳಿರಲಿಲ್ಲ. ಸೀರೆ ಕೊಡಿಸಿದರೆ ಉಡುವಳು, ಕೊಡಿಸದಿದ್ದರೆ ಇದ್ದದ್ದನ್ನೇ ಒಗೆದು ಉಡುವಳು. ಅಂಥವರನ್ನು ಎಲ್ಲರೂ ಒಳ್ಳೆಯವರು ಎನ್ನುತ್ತಾರೆ, ಮರೆಯುವುದೂ ಅಂಥವರನ್ನೇ.

ಒಂದು ಮಧ್ಯಾಹ್ನ ಕಾಟಮ್ಮ ಬಾಗಿಲ ಬಳಿ ಕೂತು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದವಳು, ಕಲ್ಲಿನಿಂದ ಕಣ್ಣು ಎತ್ತದೆ ಕೇಳಿದಳು.

"ಅಂಜಲಿ, ಆ ಕಬೋರ್ಡಿನಾಗೆ ನಂಗೂ ಒಂದು ಎಳೆಯಾದು ಬರ್ತೈತೇನವ್ವ? ಸಣ್ಣದಾದ್ರೆ ಸಾಕು."

ಅಂಜಲಿಗೆ ಕೆನ್ನೆಗೆ ಹೊಡೆದಂತಾಯಿತು. "ಬರ್ತೈತೆ ಅತ್ತೆ. ಯಾಕೆ ಬರಲ್ಲ? ನಾಲ್ಕನೇದು ನಿಮ್ದೇ" ಎಂದಳು.

"ಜಾಗ ಇದ್ರೆ ಮಾತ್ರ" ಎಂದು ಕಾಟಮ್ಮ ಮತ್ತೆ ಹುಣಸೆ ಬಡಿಯತೊಡಗಿದಳು.

ಜಾಗ ಇತ್ತು. ಅರ್ಧ ಇಂಚಿನ ಶೀಟಿನ ಮೂಲೆಯೊಂದು ಖಾಲಿ ಉಳಿದಿತ್ತು, ಮೂರು ದಿನದಿಂದ ಅವಳ ಕಣ್ಣು ಕುಟುಕುತ್ತಿದ್ದ ಮೂಲೆ. ಅದರಲ್ಲಿ ಐದು ಇಂಚು ಎತ್ತರದ ಪುಟ್ಟ ಡ್ರಾಯರ್ ಕೂರುತ್ತದೆ ಎಂದು ಕಂಡಾಗ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆ ದಿನ ಮದುವೆ ಮನೆಯ ಹನ್ನೆರಡು ರವಿಕೆ ಬಾಕಿಯಿದ್ದವು. ಒಂದು ತೋಳು ಹೊಲಿದು, ಎದ್ದು ಬಂದು ಪೇಪರು ಕತ್ತರಿಸಿ, ಆ ಮೂಲೆಯಲ್ಲಿಟ್ಟು, ಮತ್ತೆ ಹೋಗಿ ಇನ್ನೊಂದು ತೋಳು ಹೊಲಿದಳು. ಮರುದಿನ ನಾಲ್ಕು ಶೀಟು ಬಂದವು. ಪೇಪರುಗಳನ್ನು ಅವುಗಳ ಮೇಲಿಟ್ಟು ಸುತ್ತ ಗೆರೆ ಎಳೆದುಕೊಟ್ಟಳು.

ಓಬಳೇಶಪ್ಪ ಅಂಗಳದಲ್ಲೇ ಮಿಷಿನ್ನು ಹಾಕಿ ಎರಡು ದಿನ ಕೊಯ್ದ. ಮೂರನೆಯ ದಿನ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ನೋಡತೊಡಗಿದ. ದೊಡ್ಡ ಕಪಾಟು ನಿಂತಿತು. ಮೂರು ಡ್ರಾಯರ್‌ಗಳ ತುಂಡುಗಳು ಒಂದಕ್ಕೊಂದು ಕೂತವು. ನಾಲ್ಕನೆಯದಕ್ಕೆ ಮುಂದಿನ ಮುಖ ಸಿಕ್ಕಿತು, ತಳ ಸಿಕ್ಕಿತು, ಪಕ್ಕದ ಹಲಗೆ ಒಂದು, ಅಡ್ಡ ಹಲಗೆ ಒಂದು.

"ಇನ್ನೊಂದು ಪಕ್ಕ ಎಲ್ಲಿ? ಇನ್ನೊಂದು ಅಡ್ಡ?"

ಹೊಟ್ಟಿನ ರಾಶಿ ಕೆದಕಿದರು. ಚೂರುಗಳ ಗುಡ್ಡೆ ಮಗುಚಿದರು. ಅಂಜಲಿ ಒಳಗೆ ಹೋಗಿ ಪೇಪರಿನ ಕಟ್ಟು ತಂದು ಎಣಿಸಿದಳು. ಮೂರು ಡ್ರಾಯರ್‌ಗಳ ಪಕ್ಕ ಮತ್ತು ಅಡ್ಡ ಹಲಗೆಗಳಿಗೆ ನಾಲ್ಕು ನಾಲ್ಕು ಪೇಪರು ಇದ್ದವು. ನಾಲ್ಕನೆಯದಕ್ಕೆ ಎರಡೇ ಇದ್ದವು.

ತಪ್ಪು ಏನಾಗಿದೆ ಎಂದು ಅವಳಿಗೆ ನಿಂತಲ್ಲೇ ತಿಳಿಯಿತು. ರವಿಕೆಯ ತೋಳಿಗೆ ಪೇಪರು ಒಂದೇ ಕತ್ತರಿಸುವುದು. ಬಟ್ಟೆಯನ್ನು ಎರಡು ಪದರ ಮಡಿಚಿ ಮೇಲಿಟ್ಟು ಕತ್ತರಿ ಆಡಿಸಿದರೆ ಎರಡು ತೋಳು ಬರುತ್ತವೆ. ಹದಿನೈದು ವರ್ಷದಿಂದ ಅವಳ ಕೈಗೆ ಅದೇ ರೂಢಿ. ಮೊದಲ ಮೂರು ಡ್ರಾಯರ್‌ಗಳನ್ನು ತಲೆಯಿಟ್ಟು ಮಾಡಿದ್ದಳು. ನಾಲ್ಕನೆಯದನ್ನು ತೋಳು ಹೊಲಿಯುವ ಮಧ್ಯೆ ಎದ್ದು ಬಂದು ಬರೀ ಕೈಯಿಂದ ಮಾಡಿದ್ದಳು. ಆ ಖಾಲಿ ಮೂಲೆ ಅಷ್ಟು ಸಲೀಸಾಗಿ ಸಾಲಿದ್ದು ಯಾಕೆಂದು ಈಗ ಗೊತ್ತಾಯಿತು.

"ಪ್ಲೈವುಡ್ಡು ಮಡಿಚಾಕಾಗಲ್ಲ ತಂಗಿ" ಎಂದ ಓಬಳೇಶಪ್ಪ. ನಗಲಿಲ್ಲ.

ಸಂಜೆ ಪರಮೇಶ ಬಂದು ಎಲ್ಲ ಕೇಳಿ, ಅಂಗಿಯ ಗುಂಡಿ ಬಿಚ್ಚುತ್ತಾ ಹೇಳಿದ. "ಐದನೇ ಶೀಟು ತರಾದಾದ್ರೆ ಮೊದ್ಲೇ ತರಬೋದಿತ್ತು. ಅರ್ಧ ಶೀಟು ಅಂಗಡಿಯೋರು ಕೊಡಲ್ಲ. ಬಿಡು, ಅವ್ವಂದು ಏನಾದ್ರೂ ಇದ್ರೆ ನನ್ನ ಡ್ರಾದಾಗೆ ಹಾಕಿದ್ರಾತು."

"ಅಯ್ಯೋ ನಂದೇನು, ಹಂಗೇ ಬಾಯಿ ತಪ್ಪಿ ಬಂದ ಮಾತು ಕಣಪ್ಪ ಅದು. ಬಿಟ್ಟಾಕ್ರಿ" ಎಂದಳು ಕಾಟಮ್ಮ. ಅದನ್ನು ಎಷ್ಟು ಬೇಗ ಹೇಳಿದಳೆಂದರೆ, ಯಾರಾದರೂ ಹೀಗೆ ಹೇಳಲಿ ಎಂದು ಕಾದು ಕೂತವಳಂತಿತ್ತು.

ಅಂಜಲಿಗೆ ಊಟ ಸೇರಲಿಲ್ಲ. ನಾಚಿಕೆ, ಸಿಟ್ಟು ಎರಡೂ ತನ್ನ ಮೇಲೆಯೇ. ನಲವತ್ತು ತುಂಡಿನಲ್ಲಿ ಮೂವತ್ತೆಂಟು ಸರಿಯಾಗಿ ಹಾಕಿ, ತಪ್ಪಿದ್ದು ಅತ್ತೆಯ ಎರಡರಲ್ಲೇ. ಊರಲ್ಲಿ ಯಾರಾದರೂ ಕೇಳಿದರೆ ಸೊಸೆ ಅತ್ತೆಯ ಡ್ರಾಯರಿನಲ್ಲಿ ಮರ ಉಳಿಸಿದಳು ಎನ್ನುತ್ತಾರೆ, ಅನ್ನುವುದರಲ್ಲಿ ತಪ್ಪೂ ಇಲ್ಲ. ಊರಿನ ಮಾತು ಹಾಳಾಗಲಿ. ಹನ್ನೊಂದು ವರ್ಷಕ್ಕೆ ಒಂದೇ ಒಂದು ಸಲ ಬಾಯಿ ತೆರೆದವಳಿಗೆ ಯಾಕಾದರೂ ಕೇಳಿದೆನೋ ಅನ್ನಿಸುವಂತೆ ಮಾಡಿದೆನಲ್ಲ ಎಂದುಕೊಂಡಳು.

ಪಾತ್ರೆ ತೊಳೆಯುವಾಗ ಹೇಳಿದಳು. "ಅತ್ತೆ, ನಂದು ತಗಳ್ರಿ. ನನ್ನ ದಾರ ಪೆಟ್ಟಿಗ್ಯಾಗೇ ಇರ್ಲಿ."

"ನೀನು ದುಡಿಯೋಳು, ನಿಂಗೆ ಬೇಕು" ಎಂದಳು ಕಾಟಮ್ಮ. ತೊಳೆದ ಪಾತ್ರೆ ಬೋರಲು ಹಾಕುತ್ತಾ ಮೆಲ್ಲಗೆ, "ನಿಂದು ನಿಂದೇ ಇರ್ತೈತಲ್ಲವ್ವ" ಎಂದಳು.

ಅಂಜಲಿಗೆ ಮಾತು ಅರ್ಥವಾಯಿತು. ಬಿಟ್ಟುಕೊಟ್ಟದ್ದು ಬೇರೆ, ತನಗೆಂದೇ ಆದದ್ದು ಬೇರೆ. ಅತ್ತೆ ಕೇಳಿದ್ದು ಎರಡನೆಯದನ್ನು.

ಬೆಳಿಗ್ಗೆ ಅಂಗಳ ಗುಡಿಸಲು ಹೋದವಳು ಪೊರಕೆ ಹಿಡಿದು ಹಾಗೇ ನಿಂತಳು. ಮೂರು ಡ್ರಾಯರ್‌ಗಳ ಹನ್ನೆರಡು ಹಲಗೆಗಳು, ಇನ್ನೂ ಮೊಳೆ ಬೀಳದವು, ಗೋಡೆಗೆ ಒರಗಿದ್ದವು. ಬಟ್ಟೆ ಸಾಲದೆ ಬಂದರೆ ಅವಳೇನು ಮಾಡುತ್ತಾಳೆ? ಗಿರಾಕಿಯನ್ನು ವಾಪಸ್ಸು ಕಳಿಸುತ್ತಾಳಾ? ಉದ್ದದಲ್ಲಿ ಒಂದು ಇಂಚು ಇಳಿಸಿ, ಆ ಪಟ್ಟಿಯನ್ನೇ ಕಂಕುಳ ಕೆಳಗೆ ಜೋಡು ಹಾಕುತ್ತಾಳೆ. ಇಲ್ಲಿ ಬಟ್ಟೆ ಮೂರು ಕಡೆ ಇದೆ.

ಪೊರಕೆಯನ್ನು ಅಲ್ಲೇ ಬಿಟ್ಟು ಓಬಳೇಶಪ್ಪನ ಮನೆಗೆ ಹೋದಳು. ಅವನು ಹಲ್ಲುಜ್ಜುತ್ತಿದ್ದ.

"ಅಣ್ಣ, ಮೂರು ಡ್ರಾನೂ ಒಂದೂಮುಕ್ಕಾಲು ಇಂಚು ತಗ್ಗಿಸ್ರಿ. ಮೂರು ಪಟ್ಟಿ ಒಂದರ ಮ್ಯಾಲೊಂದು ಜೋಡಿಸಿದ್ರೆ ಐದು ಇಂಚಿನ ಹಲಗೆ ಆಗ್ತೈತಲ್ಲ?"

ಓಬಳೇಶಪ್ಪ ಬಾಯಿ ಮುಕ್ಕಳಿಸಿ ಉಗಿದು, ಮನಸ್ಸಿನಲ್ಲೇ ಕೊಯ್ದು ನೋಡಿದ. "ಬರೀ ಅಂಟು ಹಚ್ಚಿದ್ರೆ ನಿಲ್ಲಲ್ಲ. ಹಿಂದ್ಕೆ ತೆಳ್ಳಂದು ಒಂದು ಚೂರು ಕೊಟ್ಟು ಒತ್ತಿ ಇಟ್ರೆ ನಿಲ್ತೈತೆ. ಆದ್ರೆ ನಿನ್ನ ಡ್ರಾ ಆರಕ್ಕೆ ಬರ್ತೈತೆ. ದಾರದ ಕೋನು ನಿಲ್ಲಲ್ಲ."

"ಮಲಗ್ತವೆ ಬಿಡ್ರಿ."

ದಾರಿಯಲ್ಲಿ ಬರುವಾಗ ಅವನು ಒಂದು ಮಾತು ಹೇಳಿದ. "ಗೆರೆ ಎಣಿಸಿದ್ರೆ ನಂಗೆ ಅವತ್ತೇ ಗೊತ್ತಾಗಾದು ತಂಗಿ. ನೀನು ಉಳಿಕೆ ಮಾತು ಆಡಿದ್ಯಲ್ಲ, ಆ ಸಿಟ್ಟಿಗೆ ಎಣಿಸಲಿಲ್ಲ. ಹಾಕಿದ ಗೆರೆ ಕೊಯ್ದೆ ಅಷ್ಟೇ."

"ಆ ಮಾತು ನಾನು ಆಡಬಾರದಿತ್ತಣ್ಣ" ಎಂದಳು ಅಂಜಲಿ. ಅಲ್ಲಿಂದ ಮನೆಯವರೆಗೆ ಇಬ್ಬರೂ ಬಸ್‌ಸ್ಟ್ಯಾಂಡಿನ ಹೊಸ ರಸ್ತೆಯ ವಿಚಾರ ಮಾತಾಡಿದರು.

ಪಟ್ಟಿಗಳು ಬಂದವು. ಅಂಟು ಒಣಗಲು ಒಂದು ಹಗಲು ಬಿಟ್ಟು, ಮೇಲೆ ರಾಗಿ ಬೀಸುವ ಕಲ್ಲು ಹೇರಿದ್ದರು. ಓಬಳೇಶಪ್ಪ ಉಜ್ಜುಗೊರಡು ಹಿಡಿದು ಅಂಚನ್ನು ನುಣ್ಣಗೆ ಮಾಡಿದ. ಮಿಕ್ಕ ಪಟ್ಟಿಗಳು ಡ್ರಾಯರ್ ಜಾರುವ ದಾರಿಗೆ ಆದವು. ಮುಂದಿನ ಮುಖಗಳನ್ನು ಮುಟ್ಟಲಿಲ್ಲವಾದ್ದರಿಂದ ಹೊರಗೆ ನಿಂತು ನೋಡಿದವರಿಗೆ ಒಳಗೆ ತಗ್ಗಿಸಿದ್ದಾಗಲಿ ಜೋಡಿಸಿದ್ದಾಗಲಿ ಕಾಣುತ್ತಿರಲಿಲ್ಲ. ಕಾಟಮ್ಮನ ಡ್ರಾಯರ್ ಎಲ್ಲಕ್ಕಿಂತ ಮೇಲೆ ಬಂತು, ಅವಳು ಬಗ್ಗಬೇಕಾಗಿರಲಿಲ್ಲ. ಎಳೆದರೆ ಒಂದು ಪಕ್ಕದಲ್ಲಿ ಎರಡು ಸಣ್ಣ ಗೆರೆ ಕಾಣುತ್ತಿದ್ದವು. ಅಂಜಲಿ ಅದನ್ನು ಮುಟ್ಟಿ ತೋರಿಸಿ ಹೇಳಿದಳು. "ಇದು ನಂದು, ಇದು ನಿಮ್ಮ ಮಗಂದು, ಇದು ರಮ್ಯಾಂದು. ಮೂರೂ ಜನದ್ದು ಕಿತ್ಕಂಡು ಮಾಡಿದೀನಿ ಅತ್ತೆ."

ಕಾಟಮ್ಮ ಎಳೆದಳು, ಮುಚ್ಚಿದಳು. ಮತ್ತೆ ಎಳೆದಳು. "ಸಲೀಸಾಗಿ ಬರ್ತೈತೆ" ಎಂದಳು.

ಒಂದೇ ದಿನದಲ್ಲಿ ರಟ್ಟಿನ ಪೆಟ್ಟಿಗೆಗಳು ಖಾಲಿಯಾಗಿ ಬೀದಿಗೆ ಹೋದವು. ಅಂಜಲಿಯ ಡ್ರಾಯರಿನಲ್ಲಿ ಕೋನುಗಳು ಮಲಗಿ ಉರುಳಾಡುತ್ತಿದ್ದವು, ಹುಕ್ಕಿನ ಡಬ್ಬಿಗಳಿಗೆ ಜಾಗ ಸಾಲಲಿಲ್ಲ. ಹದಿನೈದು ದಿನ ಹೇಗೋ ತಳ್ಳಿದಳು. ಅತ್ತೆಯ ಡ್ರಾಯರಿನ ಒಂದು ಮೂಲೆ ಕೇಳಿದರೆ ಬೇಡ ಅನ್ನುತ್ತಾಳೆಯೇ ಎಂದು ಒಂದು ಮಧ್ಯಾಹ್ನ ಹುಕ್ಕಿನ ಡಬ್ಬಿಗಳನ್ನು ಹಿಡಿದು ಬಂದು ಅದನ್ನು ಎಳೆದು ನೋಡಿದಳು.

ಒಳಗೆ ಏನೂ ಇರಲಿಲ್ಲ. ಒಂದು ಕಣ ಧೂಳೂ ಇರಲಿಲ್ಲ. ದಿನಾ ಯಾರೋ ಬಟ್ಟೆಯಲ್ಲಿ ಒರೆಸುತ್ತಿದ್ದಂತೆ ತಳ ಹೊಳೆಯುತ್ತಿತ್ತು.

"ಅತ್ತೆ, ಇದ್ರಾಗೆ ನೀವು ಏನೂ ಇಟ್ಟಿಲ್ವಲ್ಲ?"

ಕಾಟಮ್ಮ ಬಾಗಿಲ ಬಳಿಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತಳು. "ಏನಿಡಾದು ಅಂತಾನೇ ಹುಡುಕ್ತಿದೀನಿ ಕಣವ್ವ. ಮನೆಯೆಲ್ಲಾ ನೋಡ್ದೆ. ಅದು ಪರಮೇಶಂದು, ಇದು ನಿಂದು, ಇನ್ನೊಂದು ಮಗಿಂದು. ನನ್ನ ಎರಡು ಸೀರೆ ಹಗ್ಗದ ಮ್ಯಾಲವೆ. ಕನ್ನಡಕ ಮೂಗಿನ ಮ್ಯಾಲೈತೆ. ಎಲೆಅಡಿಕೆ ಚೀಲ ಸೊಂಟದಾಗೈತೆ. ಇಷ್ಟು ವರ್ಷಕ್ಕೆ ಎತ್ತಿಡಾಕೆ ಅಂತ ನಂದು ಒಂದು ಸಾಮಾನಿಲ್ಲ ನೋಡು."

ದುಃಖದಿಂದ ಹೇಳಲಿಲ್ಲ, ಸಂತೆಯಲ್ಲಿ ಇವತ್ತು ಟೊಮೇಟೊ ಬಂದಿಲ್ಲ ಎನ್ನುವಂತೆ ಹೇಳಿದಳು. ಅಂಜಲಿಗೆ ಅಳು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ನಾನು ಏನಾದ್ರೂ ತಂದುಕೊಡ್ತೀನಿ ಅತ್ತೆ. ಏನು ಬೇಕು ಹೇಳ್ರಿ."

"ಬ್ಯಾಡ. ನೀನು ತಂದ್ರೆ ನಾನು ಬ್ಯಾಡ ಅನ್ನಂಗಿಲ್ಲ, ಅದ್ನೇ ಇಟ್ಕಬೇಕಾಗ್ತೈತೆ." ಕಾಟಮ್ಮ ಸೆರಗಿನಿಂದ ಡ್ರಾಯರಿನ ಅಂಚು ಒರೆಸಿದಳು. "ನಂಗೇ ಏನಾದ್ರೂ ಹೊಳೆಯಲಿ. ಅಲ್ಲಿತನಕ ಖಾಲಿ ಇರ್ಲಿ. ಖಾಲಿ ಇದ್ರೂ ನಂದೇ ಅಲ್ವೇನವ್ವ?"

"ನಿಮ್ದೇ" ಎಂದಳು ಅಂಜಲಿ. ಹುಕ್ಕಿನ ಡಬ್ಬಿಗಳನ್ನು ತಂದ ಹಾಗೇ ವಾಪಸ್ಸು ತೆಗೆದುಕೊಂಡು ಹೋಗಿ ಮಿಷಿನ್ನಿನ ಕೆಳಗೆ ಇಟ್ಟಳು.

ಸಂಜೆ ಪರಮೇಶ ಮಂಡಿಯಿಂದ ಬಂದು, ಕೈಯಲ್ಲಿದ್ದ ಚಾರ್ಜರನ್ನೂ ಒಂದು ಹಿಡಿ ರಸೀದಿಯನ್ನೂ ಮೇಲಿನ ಡ್ರಾಯರ್ ಎಳೆದು ಅದರೊಳಗೆ ಹಾಕಿದ. ಅಂಜಲಿ ಹೊಲಿಗೆ ಬಿಟ್ಟು ಎದ್ದು ಬಂದಳು.

"ರೀ, ಅದ್ರಾಗೆ ಜಾಗ ಇಲ್ಲ."

ಪರಮೇಶ ಡ್ರಾಯರಿನೊಳಗೆ ನೋಡಿ, ಅವಳ ಮುಖ ನೋಡಿದ. "ಪೂರಾ ಖಾಲಿ ಐತಲ್ಲೇ."

"ಜಾಗ ಇಲ್ಲ ಅಂದೆ" ಎಂದು ಅಂಜಲಿ ಚಾರ್ಜರು, ರಸೀದಿ ಎರಡನ್ನೂ ತೆಗೆದು ಅವನ ಕೈಗೆ ಕೊಟ್ಟು, ಡ್ರಾಯರ್ ಮುಚ್ಚಿ, ಮತ್ತೆ ಮಿಷಿನ್ನಿನ ಮುಂದೆ ಹೋಗಿ ಕೂತಳು.